ಕಾಂಗರೂ ಅಡುಗೆಯವನ ಹಗೆ

ಅವನು ತೀರಿಕೊಂಡ ಸುದ್ದಿಯನ್ನು ಎಂಟು ಸಾಲಿನಲ್ಲಿ ಬರೆದು ಪತ್ರಿಕೆಗೆ ಕಳಿಸಿದವನು ನಾನೇ. ಕೂಡ್ಲಿಗಿಯಲ್ಲಿ ಮೆಸ್ ನಡೆಸುತ್ತಿದ್ದರು, ವಯಸ್ಸು ಐವತ್ತಮೂರು, ಅನ್ನನಾಳದ ಕ್ಯಾನ್ಸರ್ ಆಗಿತ್ತು, ತಾಯಿ ಇದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ ನಡೆಯಿತು. ಎಂಟು ಸಾಲಿನಲ್ಲಿ ಒಂದೂ ತಪ್ಪಿಲ್ಲ. ನಾನು ಕಂಡವರಲ್ಲಿ ಅವನಷ್ಟು ಶ್ರದ್ಧೆಯಿಂದ ಹಗೆ ಸಾಧಿಸಿದವರು ಇನ್ನೊಬ್ಬರಿಲ್ಲ, ಆ ಹಗೆಗೆ ಗುರಿಯಾದ ಇಬ್ಬರಲ್ಲಿ ನಾನೂ ಒಬ್ಬ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತನ್ನ ಹೆಸರಿನ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ತಾಯಿಯ ಹೆಸರಿನ ಬಗ್ಗೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಾನಹೊಸಹಳ್ಳಿ ಸಮೀಪದ ಅವರ ಊರಿನ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಮುಖ್ಯ ಅಡುಗೆಯವರಾಗಿ ನೇಮಕವಾದದ್ದು ಅವನ ತಾಯಿ. ಎರಡನೆಯ ದಿನದಿಂದಲೇ ಮಕ್ಕಳು ತಟ್ಟೆ ತರುವುದನ್ನು ನಿಲ್ಲಿಸಿದರು. ಮಕ್ಕಳಿಗೆ ಜಾತಿ ಗೊತ್ತಿರಲಿಲ್ಲ, ತಟ್ಟೆ ಕೊಟ್ಟು ಕಳಿಸುವವರಿಗೆ ಗೊತ್ತಿತ್ತು. ಹನ್ನೆರಡನೆಯ ದಿನ ಶಾಲಾಭಿವೃದ್ಧಿ ಸಮಿತಿ ಸೇರಿ ಆಕೆಯನ್ನು ತೆಗೆದುಹಾಕಿತು. ಠರಾವಿನಲ್ಲಿ ಜಾತಿಯ ಮಾತಿಲ್ಲ. ‘ಅಡುಗೆಯಲ್ಲಿ ಸ್ವಚ್ಛತೆ ಕಾಪಾಡದ ಕಾರಣ’ ಎಂದಿತ್ತು. ಅದನ್ನು ಬರೆಸಿದವರು ಸಮಿತಿಯ ಅಧ್ಯಕ್ಷರು. ಆಮೇಲೆ ಅವರು ಇನ್ನೂ ಹಲವು ಸಂಸ್ಥೆಗಳಿಗೆ ಅಧ್ಯಕ್ಷರಾದರು. ತಾಲ್ಲೂಕಿನಲ್ಲಿ ಈಗಲೂ ‘ಅಧ್ಯಕ್ಷರು’ ಎಂದರೆ ಅವರೇ.

ನಾನಾಗ ಹೊಸ ವರದಿಗಾರ. ಠರಾವಿನ ಪ್ರತಿ ಕೂಡ್ಲಿಗಿಯಲ್ಲೇ ಕೈಗೆ ಸಿಕ್ಕಿತು. ಊರಿಗೆ ಹೋಗಲಿಲ್ಲ. ‘ಸ್ವಚ್ಛತೆ ಕಾಪಾಡದ ಅಡುಗೆಯವರ ಬದಲಾವಣೆ’ ಎಂದು ಎರಡು ಸಾಲು ಬರೆದೆ, ಆಕೆಯ ಹೆಸರು ಸಮೇತ. ಅಧ್ಯಕ್ಷರ ಹೆಸರು ಹಾಕಲಿಲ್ಲ, ಜಾಗ ಇರಲಿಲ್ಲ.

ಮಗ ಆಗ ಸಂಡೂರು ಕಡೆಯ ಗಣಿಯೊಂದರ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದ. ಗಣಿ ನಿಂತಾಗ ಅಲ್ಲಿದ್ದ ಎಂಜಿನಿಯರೊಬ್ಬರು ಅವನನ್ನು ಆಸ್ಟ್ರೇಲಿಯಾದ ಪಶ್ಚಿಮದ ಗಣಿ ಕ್ಯಾಂಪಿಗೆ ಕರೆಸಿಕೊಂಡರು. ಅಲ್ಲಿಯೂ ಅದೇ ಕೆಂಪು ಮಣ್ಣು, ಅದೇ ಧೂಳು, ಮಾಂಸ ಮಾತ್ರ ಬೇರೆ ಎನ್ನುತ್ತಿದ್ದ. ಆರು ವರ್ಷ ಇದ್ದು, ಒಂದು ದಪ್ಪ ಕಬ್ಬಿಣದ ಕಾವಲಿ ಮತ್ತು ತೆಳ್ಳನೆಯ ಚಾಕು ತೆಗೆದುಕೊಂಡು ವಾಪಸು ಬಂದ. ಕೊಟ್ಟೂರು ರಸ್ತೆಯಲ್ಲಿ ಮೆಸ್ ತೆಗೆದು ‘ಕೊಬ್ಬಿಲ್ಲದ ಮಾಂಸದೂಟ’ ಎಂದು ಬೋರ್ಡು ಹಾಕಿದ. ಜನ ನಕ್ಕರು. ಕೊಬ್ಬಿಲ್ಲದ ಮೇಲೆ ಮಾಂಸ ಯಾಕೆ, ಬದನೆಕಾಯಿ ಸಾಕಲ್ಲ ಎಂದರು.

ಕಾಂಗರೂ ಬೇಯಿಸಿ ಬಂದವನು ಎಂದು ಕೇಳಿ, ಭಾನುವಾರದ ಪುರವಣಿಗೆ ಒಂದು ಬರಹ ಆದೀತು ಎಂದು ನಾನು ಹೋದೆ. ನನ್ನ ಹೆಸರು ಕೇಳಿದವನೇ ಕುರ್ಚಿ ಒರೆಸಿದ.

“ಬರ್ರಿ ಸರ್, ಕುಂದರ್ರಿ. ನಿಮ್ಮನ್ನ ಭಾಳ ವರ್ಷದಿಂದ ಕಾಯಾಕತ್ತೀನಿ.”

ಮೊದಲು ಉಣ್ಣಿಸಿದ. ಹೋತದ ತೊಡೆಯ ತೆಳ್ಳನೆಯ ತುಂಡುಗಳು, ಮೇಲೆ ಗುರೆಳ್ಳು ಪುಡಿ, ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ. ಎಣ್ಣೆ ತಟ್ಟೆಗೆ ಅಂಟಲಿಲ್ಲ. ಮಾಂಸ ಮೆತ್ತಗಿತ್ತು, ರಸ ಇತ್ತು. ಕಾಂಗರೂ ಬಗ್ಗೆ ಕೇಳಿದೆ.

“ಅದರಾಗ ಕೊಬ್ಬ ಇರಂಗಿಲ್ಲ ಸರ್. ಮೊದಲನೇ ದಿನ ನಾನು ನಮ್ಮ ಕುರಿ ಮಾಡಿದಂಗ ಮಸಾಲಿ ಹಾಕಿ ಮುಕ್ಕಾಲು ತಾಸು ಕುದಿಸಿದೆ. ಒಬ್ಬ ಡ್ರೈವರ್ ಒಂದು ತುಂಡು ಎತ್ಕೊಂಡು ಬೂಟಿನ ಅಡಿಗೆ ಹಿಡದು ಅಳತಿ ನೋಡಿದ.”

“ಮತ್ತೆ ಹೇಗೆ ಮಾಡಬೇಕು?”

“ಎರಡ ದಾರಿ. ಇಲ್ಲಾ ಭಾಳ ಜೋರು ಉರಿ, ಭಾಳ ಕಮ್ಮಿ ಹೊತ್ತು. ಇಲ್ಲಾ ಸಣ್ಣ ಉರಿ, ನೀರು ಹಾಕಿ ಮುಚ್ಚಿಟ್ಟು ಮೂರು ತಾಸು. ನಡುವಿನ ದಾರಿ ಇಲ್ಲ. ನಡುವ ಹೋದವರು ಚಪ್ಪಲಿ ತಿಂತಾರ.”

ನಾನು ಬರೆದುಕೊಂಡೆ. ಅವನು ನಿಧಾನವಾಗಿ, ಬರೆದುಕೊಳ್ಳಲು ಸಮಯ ಕೊಟ್ಟು ಹೇಳಿದ. ಕಾವಲಿಗೆ ಎಣ್ಣೆ ಹಾಕಬಾರದು, ಒಂದೇ ಚಮಚ ಎಣ್ಣೆಯನ್ನು ಮಾಂಸಕ್ಕೆ ಸವರಬೇಕು. ಉಪ್ಪನ್ನು ಮುಂಚೆ ಹಾಕಿಟ್ಟರೆ ನೀರು ಬಿಡುತ್ತದೆ, ಕಾವಲಿಗೆ ಹಾಕುವ ಹೊತ್ತಿಗೆ ಹಾಕಬೇಕು. ಮೇಲಿನ ಬಿಳಿ ಪೊರೆಯನ್ನು ಪೂರ್ತಿ ಬಿಡಿಸಬೇಕು. ಎಳೆಗೆ ಅಡ್ಡಲಾಗಿ ಕೊಯ್ಯಬೇಕು. ಕಾಂಗರೂ ಆದರೆ ಒಳಗೆ ಕೆಂಪು ಇರುವಾಗಲೇ ಇಳಿಸಿ, ತಟ್ಟೆ ಮುಚ್ಚಿ ಐದು ನಿಮಿಷ ಸುಮ್ಮನೆ ಬಿಡಬೇಕು. ನಮ್ಮವರಿಗೆ ಕೆಂಪು ಕಂಡರೆ ಆಗದು, ಅದಕ್ಕೇ ಹೋತದ ಮಾಂಸವನ್ನು ತೆಳ್ಳಗೆ ಕೊಯ್ದು, ರಾತ್ರಿಯೆಲ್ಲ ಹುಳಿ ಮಜ್ಜಿಗೆಯಲ್ಲಿಟ್ಟು, ಕೆಂಪು ಹೋದ ಕೂಡಲೇ ಇಳಿಸುತ್ತಿದ್ದ. ಖೀಮಾ ಮಾಡುವುದಿದ್ದರೆ ತುರಿದ ಈರುಳ್ಳಿ, ತುರಿದ ಹೀರೆಕಾಯಿ ಬೆರೆಸುತ್ತಿದ್ದ. ಕೊಬ್ಬು ಕೊಡದ ತೇವವನ್ನು ಅವು ಕೊಡುತ್ತವೆ ಎನ್ನುತ್ತಿದ್ದ. ಕಾಲಿನ ಖಂಡಕ್ಕೆ ನಮ್ಮ ಹುಣಸೆಯೇ ಸರಿ, ಟೊಮೆಟೊ ಅಲ್ಲ.

“ಕೊಬ್ಬಿರೋ ಖಂಡ ದೊಡ್ಡವರ ಮನಿ ಇದ್ದಂಗ ಸರ್. ಒಳಗ ಏನ ತಪ್ಪು ಮಾಡಿದ್ರೂ ಮುಚ್ಕೊಂತೈತಿ. ಕೊಬ್ಬಿಲ್ಲದ್ದು ಹಂಗಲ್ಲ. ಒಂದು ತಪ್ಪು ಮಾಡಿ ನೋಡ್ರಿ, ಕೊನೀ ತುತ್ತಿನತನ ನೆನಪು ಮಾಡ್ತೈತಿ.”

ಕೈ ತೊಳೆದು ಬಂದಾಗ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯೊಳಗೆ ನನ್ನ ಎರಡು ಸಾಲು ಇತ್ತು. ಕಾಗದ ಹಳದಿಯಾಗಿತ್ತು.

“ಇದು ನಿಮ್ಮ ಕೈದ ಅಡಿಗಿ,” ಎಂದ. “ಈಗ ಊಟ ಬಡಿಸಿದಾಕಿ ನಮ್ಮವ್ವ.”

ಒಲೆಯ ಹತ್ತಿರ ನಿಂತಿದ್ದ ಆಕೆಯನ್ನು ಕರೆದ. “ಅವ್ವಾ, ಬಾ ಇಲ್ಲಿ. ಸಾಹೇಬ್ರಿಗೆ ಕೈ ತೋರ್ಸು. ಸ್ವಚ್ಛ ಅದಾವೋ ಇಲ್ಲೋ ಬರ್ಕೊಳ್ಳಿ.”

“ಸುಮ್ನಿರಲೇ,” ಎಂದಳು ಆಕೆ. “ಉಂಡವರ ಮುಂದ ಹಂಗ ಮಾತಾಡಬಾರ್ದು.” ನನ್ನತ್ತ ನೋಡದೆ ಒಳಗೆ ಹೋದಳು.

ಇಷ್ಟು ವರ್ಷದ ಮೇಲೆ ತಿದ್ದುಪಡಿ ಹಾಕುವ ರೂಢಿ ಪತ್ರಿಕೆಯಲ್ಲಿಲ್ಲ ಎಂದು ನಾನು ಹೇಳಿದೆ. ಆ ಮಾತು ನಿಜವಾಗಿತ್ತು. ಅವನು ತಲೆಯಾಡಿಸಿದ. “ರೂಢಿ ಇಲ್ಲಂದ್ರ ಬಿಡ್ರಿ. ಆದ್ರ ಒಮ್ಮೆ ತೆಲಿಗಿಗೆ ಹೋಗಿ ಬರ್ರಿ. ಆವಾಗಿನ ಹೆಡ್‌ಮಾಸ್ತರ್ ರಿಟೈರಾಗಿ ಅಲ್ಲೇ ಅದಾರ. ನಾ ಹೇಳಿದ್ದು ನಂಬಬ್ಯಾಡ್ರಿ, ಅವರನ್ನ ಕೇಳ್ರಿ.”

ಹರಪನಹಳ್ಳಿಗೆ ಹೋಗಿ, ಅಲ್ಲಿಂದ ತೆಲಿಗಿ ಬಸ್ಸು ಹಿಡಿದೆ. ಆ ಎರಡು ಸಾಲು ಬರೆಯುವ ಮೊದಲೇ ಮಾಡಬೇಕಿದ್ದ ಪ್ರಯಾಣ. ನಿವೃತ್ತ ಹೆಡ್‌ಮಾಸ್ತರರು ಕಟ್ಟೆಯ ಮೇಲೆ ಕೂತಿದ್ದರು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಾಲೆಯವರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು ಎಂಬುದು ನಿಯಮ.

“ಹನ್ನೊಂದು ದಿನ ನಾನೇ ರುಚಿ ನೋಡಿ ಸಹಿ ಮಾಡೇನಿ,” ಎಂದರು. “ಎರಡನೇ ದಿನದಿಂದ ಮಕ್ಕಳು ಯಾರೂ ಉಣ್ಣಲಿಲ್ಲ. ಅಡಿಗಿ ಛಲೋ ಇತ್ತು. ಪಾತ್ರೆ ಬೆಳ್ಳಿಯಂಗ ಹೊಳಿತಿದ್ವು.”

“ಮತ್ತೆ ಆ ಠರಾವಿಗೆ?”

“ಅದಕ್ಕೂ ನಾನೇ ಸಹಿ ಮಾಡೇನಿ,” ಎಂದು ಅವರು ರಸ್ತೆಯ ಕಡೆ ನೋಡಿದರು.

ಆದ್ದರಿಂದ ಈಗ ದಾಖಲೆಗಾಗಿ ಬರೆಯುತ್ತೇನೆ: ನನ್ನ ಆ ಎರಡು ಸಾಲು ಸುಳ್ಳು. ಅಡುಗೆ ಸ್ವಚ್ಛವಾಗಿತ್ತು. ಇದನ್ನು ಪತ್ರಿಕೆಗೆ ಆಗಲೇ ಕಳಿಸಿದ್ದೆ. ‘ಹಳೆಯ ಸುದ್ದಿ’ ಎಂದು ವಾಪಸಾಯಿತು. ಮೆಸ್ಸಿಗೆ ಹೋಗಿ ಹೇಳಿದೆ. ಅವನು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, “ನೀವು ಹೋಗಿ ಬಂದ್ರಲ್ಲ, ನಿಮ್ಮ ಪಾಲಿಂದು ಅರ್ಧ ಮುಗೀತು. ಇನ್ನರ್ಧ ಇಟ್ಕೊಳ್ರಿ,” ಎಂದ. ಅವನ ಹಗೆಗೆ ಅಳತೆ ಇತ್ತು. ಅರ್ಧ ತಪ್ಪಿಗೆ ಪೂರ್ತಿ ಶಿಕ್ಷೆ ಕೊಡುತ್ತಿರಲಿಲ್ಲ.

ಊಟದ ವಿಷಯದಲ್ಲಿ ಅವನು ಯಾರಿಗೂ ರಿಯಾಯಿತಿ ಕೊಡಲಿಲ್ಲ. ಹಗರಿಬೊಮ್ಮನಹಳ್ಳಿಯ ಕಂಡಕ್ಟರ್ ಒಬ್ಬ ತಟ್ಟೆ ಮುಂದಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಾಗ ಬಂದು ತಟ್ಟೆ ಎತ್ತಿಕೊಂಡು ಹೋದ.

“ಅಣ್ಣಾ, ಉಣ್ಣಾಕತ್ತೀನಿ!”

“ಇಲ್ಲ, ಮಾತಾಡಾಕತ್ತೀದಿ. ಮುಗಿಸು, ಹೊಸದು ಮಾಡ್ಕೊಡ್ತೀನಿ. ಆರಿದ್ದು ತಿಂದು ಹಡಗಲಿತನ ನನ್ನ ಹೆಸರು ಕೆಡಸ್ಕೊಂತ ಹೋಗಬ್ಯಾಡ.”

ಮೆಸ್ಸಿನ ಗೋಡೆಗೆ ಬುದ್ಧನ ಪಟ ಇತ್ತು. ಅದರ ಕೆಳಗೆ ಕೂತು ಹೀಗೆ ಹಗೆ ಸಾಧಿಸುತ್ತೀಯಲ್ಲ ಎಂದು ಒಮ್ಮೆ ಕೇಳಿದೆ. ಚಾಕು ಒರೆಸುತ್ತಿದ್ದ. ಕೊಯ್ಯುವ ಮೊದಲು ಮೂರು ಸಲ, ಕೊಯ್ದ ಮೇಲೆ ಮೂರು ಸಲ ಒರೆಸುವುದು ಅವನ ಅಭ್ಯಾಸ. “ಅವರು ಎಲ್ಲಾ ಬಿಟ್ಟು ಹೊರಗ ಹೋದವರು ಸರ್,” ಎಂದ. “ನಾನಿನ್ನೂ ಅಡಿಗಿಮನ್ಯಾಗ ಅದೀನಿ.”

ಹೀಗಿರುವಾಗ ಅಧ್ಯಕ್ಷರಿಗೆ ಎದೆನೋವು ಬಂತು. ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿ, ಕುರಿಮಾಂಸ, ಕೊಬ್ಬು, ಎಣ್ಣೆ ಎಲ್ಲ ಬಂದ್ ಎಂದು ಕಳಿಸಿದರು. ತೀರಾ ಬೇಕೆನಿಸಿದರೆ ಕೊಬ್ಬು ಪೂರ್ತಿ ತೆಗೆದ ಮಾಂಸ, ಅದೂ ವಾರಕ್ಕೊಮ್ಮೆ, ಸ್ವಲ್ಪ. ಮನೆಯಲ್ಲಿ ಮಾಡಿ ನೋಡಿದರು, ಅಗಿಯಲಾಗಲಿಲ್ಲ. ಒಂದು ತಿಂಗಳು ಸಪ್ಪೆ ಉಂಡ ಮೇಲೆ, ಒಂದು ಭಾನುವಾರ ಅವರ ಡ್ರೈವರ್ ಸ್ಟೀಲಿನ ಕ್ಯಾರಿಯರ್ ಹಿಡಿದು ಮೆಸ್ಸಿಗೆ ಬಂದ. ನಾನಾಗ ಅಲ್ಲಿ ಉಣ್ಣುತ್ತಿದ್ದೆ.

“ಯಾರಿಗೆ?” ಎಂದ ಅಡುಗೆಯವನು.

“ಅಧ್ಯಕ್ಷರಿಗೆ ಅಣ್ಣ. ಯಾರಿಗೂ ಹೇಳಬ್ಯಾಡ ಅಂದಾರ.”

ಅವನು ಕ್ಯಾರಿಯರಿನ ಮುಚ್ಚಳ ತೆಗೆದು ಒಳಗೆ ನೋಡಿದ, ತಿರುಗಿ ಮುಚ್ಚಿದ. “ಇದರಾಗ ಹಾಕಿದ್ರ ಕೆಟ್ಟು ಹೋಗ್ತೈತಿ. ಒಳಗಿನ ಕಾವಿಗೆ ಬೇಯಕೋಂತ ಬೇಯಕೋಂತ ಹತ್ತು ನಿಮಿಷಕ್ಕ ಕಟಗಿ. ಅಧ್ಯಕ್ಷರ ಹಲ್ಲು ಮುರದ್ರ ನನ್ನ ಮ್ಯಾಲೆ ಬರ್ತೈತಿ. ಇಲ್ಲೇ ಬಂದು ಕುಂತು ಉಣ್ಣಬೇಕು ಅಂತ ಹೇಳು.”

“ಅವ್ರು ಇಲ್ಲಿ ಬರ್ತಾರೇನಣ್ಣ?”

“ಅದನ್ನ ಅವರ ನಾಲಿಗಿ ಹೇಳ್ತೈತಿ, ನೀ ಹೇಳಬ್ಯಾಡ.”

ಡ್ರೈವರ್ ಖಾಲಿ ಕ್ಯಾರಿಯರ್ ತೆಗೆದುಕೊಂಡು ಹೋದ. ಅಡುಗೆಯವನು ಹೇಳಿದ್ದು ನಿಜ. ಜೋರು ಉರಿಯಲ್ಲಿ ಮಾಡಿದ ಕೊಬ್ಬಿಲ್ಲದ ಮಾಂಸ ಕ್ಯಾರಿಯರಿನಲ್ಲಿ ಕೆಡುತ್ತದೆ. ಆದರೆ ಅವನ ಒಲೆಯ ಮೇಲೆ ಆ ದಿನವೂ ಹುಣಸೆ ಹಾಕಿದ ಕಾಲಿನ ಖಂಡ ಸಣ್ಣ ಉರಿಯಲ್ಲಿ ಬೇಯುತ್ತಿತ್ತು.

“ಮೂರು ತಾಸು ಬೇಯಿಸಿದ್ದು ಕ್ಯಾರಿಯರಿನಲ್ಲಿ ಕೆಡುವುದಿಲ್ಲವಲ್ಲ?” ಎಂದೆ.

“ಇನ್ನೂ ರುಚಿ ಆಗ್ತೈತ್ರಿ,” ಎಂದ. “ಅದನ್ನ ನೀವು ಬರಿಬ್ಯಾಡ್ರಿ, ನಾನೂ ಹೇಳಂಗಿಲ್ಲ.”

ಎರಡು ವಾರ ಬಿಟ್ಟು ಅಧ್ಯಕ್ಷರು ಬಂದರು. ಬೆಳಿಗ್ಗೆ ಹನ್ನೊಂದಕ್ಕೆ, ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು. ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂರಲು ಹೊರಟರು.

“ಒಳಗ ಫ್ಯಾನ್ ಕೆಟ್ಟೈತ್ರಿ,” ಎಂದು ಅವನು ಅವರನ್ನು ರಸ್ತೆಗೆ ಎದುರಾದ ಮೇಜಿಗೆ ಕರೆದುಕೊಂಡು ಬಂದ. ಫ್ಯಾನು ಕೆಟ್ಟಿರಲಿಲ್ಲ. ಕಾನಹೊಸಹಳ್ಳಿ ಕಡೆಯವರು ಕೊಟ್ಟೂರಿಗೆ ಹೋಗುವ ಬಸ್ಸು ಅಲ್ಲೇ ಮುಂದೆ ನಿಲ್ಲುತ್ತದೆ. ಬಸ್ಸು ನಿಂತ ಹೊತ್ತಿಗೆ ಸರಿಯಾಗಿ, ಕೊನೆಯ ಸೀಟಿನವರೆಗೆ ಕೇಳುವಂತೆ ಹೇಳಿದ: “ಅವ್ವಾ, ಅಧ್ಯಕ್ಷರಿಗೆ ಇನ್ನೊಂದು ರೊಟ್ಟಿ ಹಾಕು.”

ಆಕೆ ಹಾಕಿದಳು. ಅಧ್ಯಕ್ಷರು ತಲೆ ಎತ್ತಲಿಲ್ಲ. ಆದರೆ ರೊಟ್ಟಿ ಬಿಡಲಿಲ್ಲ, ತುಂಡು ಒಂದನ್ನೂ ಬಿಡಲಿಲ್ಲ.

ಅಲ್ಲಿಂದ ಎರಡು ವರ್ಷ ಪ್ರತಿ ಭಾನುವಾರ ಬಂದರು. ಅವನು ಅವರಿಗಾಗಿ ತೊಡೆಯ ಒಳಭಾಗವನ್ನೇ ತೆಗೆದಿಡುತ್ತಿದ್ದ. ಒಂದು ಎಳೆ ಕೊಬ್ಬು ಉಳಿಯದಂತೆ ಬೆಳಕಿಗೆ ಹಿಡಿದು ಬಿಡಿಸುತ್ತಿದ್ದ. ಉಪ್ಪು ಕಮ್ಮಿ, ಎಣ್ಣೆ ಅರ್ಧ ಚಮಚ. ದಾವಣಗೆರೆಯ ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಮೆಚ್ಚಿಕೊಂಡರಂತೆ. ವೈರಿಯ ಆರೋಗ್ಯಕ್ಕೆ ಇಷ್ಟು ಕಾಳಜಿಯೇ ಎಂದು ಕೇಳಿದರೆ ಅವನು ಸಿಟ್ಟಾದ. “ಬದುಕಬೇಕ್ರಿ ಅವ್ರು. ಸತ್ರ ನಾ ಯಾರ ಕೈಲಿ ಬರಸ್ಲಿ?”

ಅವನಿಗೆ ಬೇಕಾಗಿದ್ದದ್ದು ಒಂದು ಹೊಸ ಠರಾವು. ಈಗಲೂ ಆ ಶಾಲೆಯಲ್ಲಿ ಅಧ್ಯಕ್ಷರ ಮಾತೇ ನಡೆಯುತ್ತದೆ. ‘ಅಡುಗೆ ಸ್ವಚ್ಛವಾಗಿತ್ತು, ಜಾತಿಯ ಕಾರಣಕ್ಕೆ ತೆಗೆದೆವು’ ಎಂದು ಅದೇ ಪುಸ್ತಕದಲ್ಲಿ ಬರೆಯಬೇಕು, ಅದನ್ನು ತಾಯಿ ಬದುಕಿರುವಾಗ ಊರ ಮುಂದೆ ಓದಬೇಕು. ಎರಡನೆಯ ವರ್ಷ ಒಂದು ಭಾನುವಾರ ಊಟ ಮುಗಿದ ಮೇಲೆ ತಟ್ಟೆಯ ಪಕ್ಕ ಒಂದು ಬಿಳಿ ಹಾಳೆ, ಪೆನ್ನು ಇಟ್ಟು ಇಷ್ಟನ್ನೂ ಹೇಳಿದ.

“ಆಗಿನ ಕಾಲ ಹಂಗಿತ್ತು ತಮ್ಮಾ,” ಎಂದರು ಅಧ್ಯಕ್ಷರು. “ಈಗ ನಿಮ್ಮ ಕೈಯಾಗ ಉಣ್ಣಾಕತ್ತೀನಲ್ಲ, ಸಾಲದೇನು?”

“ಸಾಲದ್ರಿ.”

ಅಧ್ಯಕ್ಷರು ಹಾಳೆಯನ್ನು ಎತ್ತಿಕೊಂಡರು. ಅದರಿಂದ ಕೈ ಒರೆಸಿಕೊಂಡು, ಮುದುಡಿ ತಟ್ಟೆಯಲ್ಲಿ ಹಾಕಿ ಎದ್ದು ಹೋದರು.

ಅವನು ತಟ್ಟೆ ಎತ್ತಿಟ್ಟ. ಮುಂದಿನ ಭಾನುವಾರ ಮತ್ತೆ ಊಟ, ಮತ್ತೆ ಹೊಸ ಹಾಳೆ. ಅದರ ಮುಂದಿನ ಭಾನುವಾರವೂ. ಅಧ್ಯಕ್ಷರು ಹಾಳೆ ಮುಟ್ಟುವುದನ್ನು ಬಿಟ್ಟರು, ಬರುವುದನ್ನು ಬಿಡಲಿಲ್ಲ. ತುತ್ತು ಇಳಿಯದಂಥ ಕಾಯಿಲೆ ಹಿಡಿದ ಮೇಲೂ ಅವನು ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ತಾಯಿಯ ಕೈಲಿ ಮಾಡಿಸಿದ. ತನಗೆ ರುಚಿ ನೋಡಲು ಆಗದು, ಆಕೆಯೇ ಅಂಗೈಯಲ್ಲಿ ಹಾಕಿಕೊಂಡು ನೋಡಬೇಕು. “ಸಾಕು ಇಳ್ಸವ್ವ, ಇಳ್ಸು. ಇನ್ನೊಂದೀಟು ಅಂದ್ರ ಹೋತು.” ಕೊನೆಯ ಭಾನುವಾರವೂ ಹಾಳೆ ಇಟ್ಟಿದ್ದ. ಅದು ಖಾಲಿಯಾಗಿಯೇ ಉಳಿಯಿತು. ಅವನು ಸೋತು ಸತ್ತ ಎಂದೇ ನಾನು ತಿಳಿದಿದ್ದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲಿನ ಮೊದಲ ಭಾನುವಾರ ಮೆಸ್ ತೆರೆಯಿತು. ನಾನು ಹೋದೆ. ಹನ್ನೊಂದಕ್ಕೆ ಅಧ್ಯಕ್ಷರ ಕಾರು ಬಂತು. ಅವರು ತಾವಾಗಿಯೇ ರಸ್ತೆಯ ಕಡೆಯ ಮೇಜಿಗೆ ಬಂದು ಕೂತರು. ನಾಲ್ಕಾರು ಜನ ಉಣ್ಣುತ್ತಿದ್ದರು, ಅವರಿಗೂ ಕೇಳುವಂತೆ ಮಾತಾಡಿದರು.

“ಅಕ್ಕಾ, ದೊಡ್ಡ ಜೀವ ಹೋತು. ನನ್ನನ್ನ ಉಳಿಸಿದ ಕೈ ಅದು. ಇನ್ನ ನೀನ ನಡಸ್ಕೊಂಡು ಹೋಗಬೇಕು ನೋಡು.”

ಆಕೆಯನ್ನು ಅವರು ಅಕ್ಕ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಕೆ ಕೈ ಒರೆಸಿಕೊಳ್ಳುತ್ತ ಒಲೆ ಬಿಟ್ಟು ಬಂದಳು. ತಟ್ಟೆ ತರಲಿಲ್ಲ, ಹಾಳೆಯನ್ನೂ ತರಲಿಲ್ಲ.

“ನಡಸ್ತೀನ್ರಿ. ನಿಮಗಿಲ್ಲ.”

ಅಧ್ಯಕ್ಷರು ನಕ್ಕರು. “ಅವನ ಸಿಟ್ಟು ಅವನ ಜೋಡಿ ಹೋಗ್ಲಿ ಬಿಡಕ್ಕ.”

“ಅದು ಅವನ ಸಿಟ್ಟಲ್ರಿ,” ಎಂದಳು. ದನಿ ಏರಿಸಲಿಲ್ಲ. “ನಂದು. ನನಗ ವಜ್ಜಿ ಆಗ್ತೈತಂತ ಅವ ಹೊತ್ಕೊಂಡಿದ್ದ ಅಷ್ಟ. ಅವ ನಿಮ್ಮನ್ನ ಉಣ್ಣಿಸಿ ಕೇಳಿದ. ನಾ ಕೇಳಂಗಿಲ್ಲ, ಉಣ್ಣಸಂಗೂ ಇಲ್ಲ. ಬರಿಬೇಕನಿಸಿದ್ರ ಸಾಲಿಗೆ ಹೋಗಿ ಬರೀರಿ. ಓದೋ ದಿನ ನನಗ ಹೇಳಿ ಕಳಸ್ರಿ. ಅಲ್ಲೇ ಸಾಲ್ಯಾಗ ಒಲಿ ಹಚ್ಚಿ ನಿಮಗ ಮಾಡಿ ಹಾಕ್ತೀನಿ, ಊರ ಮಕ್ಕಳ ಪಂಕ್ತ್ಯಾಗ ಕುಂತು ಉಣ್ರಿ.”

ಉಣ್ಣುತ್ತಿದ್ದವರ ಕೈಗಳು ತಟ್ಟೆಯಲ್ಲಿಯೇ ನಿಂತವು. ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಜೇಬಿನಿಂದ ಪುಸ್ತಕ ತೆಗೆದು, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಅವರು ಎದ್ದು ಕಾರಿಗೆ ಹೋಗಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಡ್ರೈವರ್ ಇನ್ನೂ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಕಾರಿನ ಕೀಲಿ. “ಯಮ್ಮಾ,” ಎಂದ ತಗ್ಗಿದ ದನಿಯಲ್ಲಿ, “ನನಗೂ ಇಲ್ಲೇನು?”

“ನಿನಗ್ಯಾಕಿಲ್ಲಪ್ಪಾ. ಕುಂದ್ರು,” ಎಂದಳು. ಅಧ್ಯಕ್ಷರು ಎದ್ದು ಹೋದ ಕುರ್ಚಿಯನ್ನೇ ತೋರಿಸಿದಳು.

ಕಾವಲಿ ಕಾಯಿತು. ಹೊರಗೆ ಬಿಸಿಲಿಗೆ ಕಾರಿನ ಗಾಜು ಇಳಿಯಿತು. ಕೊಟ್ಟೂರು ಬಸ್ಸು ಬಂದು ನಿಂತಿತು, ಗಾಜು ಮತ್ತೆ ಏರಿತು. ಡ್ರೈವರ್ ಆ ಕಡೆ ಒಮ್ಮೆ ನೋಡಿದ, ಆಮೇಲೆ ನೋಡಲಿಲ್ಲ. ಮೂರನೆಯ ರೊಟ್ಟಿಗೆ ಕೈ ಒಡ್ಡಿದಾಗ ಆಕೆ ಕೇಳಿದಳು: “ಅವಸರ ಐತೇನಪ್ಪಾ?”

“ಇಲ್ಲಬೇ,” ಎಂದ. “ನಿಧಾನಕ್ಕ ಹಾಕು.”